ಕಾಣಿಕೆ ಕಟ್ಟೆಯಲ್ಲಿ ನಿಲ್ಲದ ಚುಕ್ಕೆ

“ಹೂವೇ ಇಲ್ಲ ಬಾಯಮ್ಮ,” ಎಂದಳು ಪ್ರಫುಲ್ಲಾ. “ಮಂಗಳವಾರದ ಹೂ ಇಲ್ಲಿ ಇಲ್ಲವೇ ಇಲ್ಲ.”

ಬಾಯಮ್ಮ ಎಂದು ಕರೆಸಿಕೊಂಡ ಎಸ್ತರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಕಾರ್ಕಳದಿಂದ ಬರುವ ರಸ್ತೆ ಬೆಳ್ಮಣ್ ಪೇಟೆ ಮುಟ್ಟುವುದಕ್ಕೆ ಸ್ವಲ್ಪ ಮೊದಲು, ಎಡಬದಿಗೆ ದೈವದ ಕಾಣಿಕೆ ಕಟ್ಟೆ. ಸಿಮೆಂಟಿನ ಪುಟ್ಟ ಗುಡಿ, ಕಬ್ಬಿಣದ ಡಬ್ಬಿ, ಮೇಲೆ ಒಂದು ಸರಳು. ಈ ದಾರಿಯಲ್ಲಿ ಹೋಗುವ ಲಾರಿಯವರು ಇಲ್ಲಿ ಗಾಡಿ ನಿಲ್ಲಿಸಿ, ಕಾಣಿಕೆ ಹಾಕಿ, ಕೈಮುಗಿದೇ ಮುಂದೆ ಹೋಗುವುದು. ಸರಳಿನ ಮೇಲೆ ಒಣಗಿದ ಮಲ್ಲಿಗೆಯ ದಂಡೆಗಳು ಸಾಲಾಗಿ ನೇತಾಡುತ್ತಿದ್ದವು. ಸಂಕ್ರಮಣಕ್ಕೊಮ್ಮೆ ಮಾತ್ರ ಅವನ್ನು ತೆಗೆದು ಸ್ವಚ್ಛ ಮಾಡುತ್ತಾರಂತೆ.

“ನಿಮ್ಮ ಹೂ ಯಾವುದು ಅಂತ ಹೇಗೆ ಗೊತ್ತಾಗ್ತದೆ?”

“ಕೊನೆಗೆ ಒಂದು ಅಬ್ಬಲಿಗೆ ಹೂ ಸೇರಿಸಿ ಕಟ್ಟುವುದು ನಾನೊಬ್ಬಳೇ. ನಮ್ಮ ಶಂಕರಪುರದಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ. ನೋಡಿ, ಇದು ಹೋದ ವಾರದ್ದು. ಇದು ಅದಕ್ಕೂ ಮೊದಲಿನದ್ದು. ಮಂಗಳವಾರ ಬೆಳಿಗ್ಗೆ ನಾನೇ ಎಲೆಯಲ್ಲಿ ಕಟ್ಟಿ ಅವರ ಸೀಟಿನ ಹತ್ತಿರ ಇಟ್ಟಿದ್ದೆ. ಅದು ಎಲ್ಲಿ?”

ಪ್ರಶ್ನೆ ಚಿಕ್ಕದೇ. ಆದರೆ ಎಸ್ತರ್ ಸರಳಿನ ದಂಡೆಗಳನ್ನು ಮತ್ತೊಮ್ಮೆ ಒಂದೊಂದಾಗಿ ನೋಡಿದಳು.

ಮಂಗಳವಾರ ಕಾರ್ಕಳದ ಕಾರ್ಖಾನೆಯಿಂದ ಗೇರುಬೀಜದ ಲೋಡು ಹೊತ್ತು ಕಾಪುವಿಗೆ ಹೊರಟ ಪ್ರಫುಲ್ಲಾಳ ಗಂಡ ಧರ್ಮಪಾಲ, ಲಾರಿಯ ಸಮೇತ ಕಾಣೆಯಾಗಿದ್ದ. ಕಾಪುವಿನ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿಗಳ ಜಾಡು ತೋರಿಸುವ ಪರದೆ ಹೇಳುವ ಪ್ರಕಾರ, ಅವನ ಲಾರಿ ಇದೇ ಕಟ್ಟೆಯ ಮುಂದೆ ಹಾದು, ಬೆಳ್ಮಣ್ ದಾಟಿ, ಆಚೆಯ ತಿರುವಿನಲ್ಲಿ ನಿಂತಿತ್ತು. ಆ ತಿರುವಿನ ಸುತ್ತಮುತ್ತ ಪೊಲೀಸರು ಒಂದು ಪೊದೆಯನ್ನೂ ಬಿಡದೆ ಹುಡುಕುತ್ತಿದ್ದರು. ಲಾರಿಯ ಒಂದು ಮೊಳೆಯೂ ಸಿಕ್ಕಿರಲಿಲ್ಲ. ಡ್ರೈವರನೇ ಮಾಲು ಹೊಡೆದುಕೊಂಡು ಓಡಿದ್ದಾನೆ ಎಂಬ ಮಾತು ಆಗಲೇ ಹೋಟೆಲುಗಳಲ್ಲಿ ಚಹಾದ ಜೊತೆ ಹಂಚಿಕೆಯಾಗುತ್ತಿತ್ತು.

ವಿಮಾ ಕಂಪನಿಯ ಪರವಾಗಿ ತನಿಖೆಗೆ ಬಂದ ಎಸ್ತರ್‌ಗೂ ಮೊದಲ ದಿನ ಹಾಗೆಯೇ ಅನಿಸಿತ್ತು. ಆ ಅನುಮಾನ ಸತ್ತದ್ದು ಪ್ರಫುಲ್ಲಾಳ ಕೈಚೀಲ ನೋಡಿದ ಮೇಲೆ. ಅದರಲ್ಲಿ ಮಂಜುಗಡ್ಡೆ ತುಂಬಿದ ಒಂದು ಫ್ಲಾಸ್ಕು, ಒಳಗೆ ಧರ್ಮಪಾಲನ ಇನ್ಸುಲಿನ್. ಸಕ್ಕರೆ ಕಾಯಿಲೆ ವಿಪರೀತ ಇರುವ ಮನುಷ್ಯ ಓಡಿಹೋಗುವುದಾದರೆ ತನ್ನ ಪ್ರಾಣವನ್ನು ಫ್ರಿಜ್ಜಿನಲ್ಲಿ ಬಿಟ್ಟು ಓಡುತ್ತಾನೆಯೇ? ಇನ್ನು ಹೆಚ್ಚು ಹೊತ್ತು ಔಷಧಿಯಿಲ್ಲದೆ ಅವನು ಉಳಿಯಲಾರ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಂದಿನಿಂದ ಪ್ರಫುಲ್ಲಾ ಆ ಫ್ಲಾಸ್ಕನ್ನು ಮಗುವಿನ ಹಾಗೆ ಎತ್ತಿಕೊಂಡೇ ಓಡಾಡುತ್ತಿದ್ದಳು.

“ಅವಸರ ಇತ್ತೋ ಏನೋ ಮೇಡಂ, ನಿಲ್ಲಿಸಿರ್ಲಿಕ್ಕಿಲ್ಲ,” ಎಂದ ಹರ್ಷಿತ್ ಹಿಂದಿನಿಂದ. ಕಾಪು ಆಫೀಸಿನಲ್ಲಿ ಕೂತು ಎಲ್ಲ ಲಾರಿಗಳ ಮೇಲೆ ಕಣ್ಣಿಡುವವನು ಅವನೇ. ಬೆಳಿಗ್ಗೆ ಶಂಕರಪುರದಿಂದ ಪ್ರಫುಲ್ಲಾಳನ್ನು ಆಫೀಸಿನ ಪಿಕಪ್ಪಿನಲ್ಲಿ ಕರೆತಂದವನೂ ಅವನೇ. ದಾರಿಯಲ್ಲಿ ನೆನಪಿಟ್ಟು ಅವಳಿಗೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಮಾಲೀಕ ಕಾರ್ಲ್ಟನ್ ಎರಡು ದಿನಗಳಿಂದ ಎಸ್ತರಳ ಫೋನನ್ನೇ ಎತ್ತುತ್ತಿರಲಿಲ್ಲ. ಆ ಆಫೀಸಿನಲ್ಲಿ ಮನುಷ್ಯ ಅಂತ ಇರುವುದು ಈ ಹುಡುಗನೊಬ್ಬನೇ ಎಂದು ಎಸ್ತರ್ ಮನಸ್ಸಿನಲ್ಲೇ ಸರ್ಟಿಫಿಕೇಟು ಕೊಟ್ಟಾಗಿತ್ತು.

ಅವನು ಮೊಬೈಲು ಚಾಚಿ ತೋರಿಸಿದ. ನಕ್ಷೆಯ ಮೇಲೆ ಹಸಿರು ಗೆರೆ ಕಟ್ಟೆಯ ಮುಂದಿನಿಂದ ನೆಟ್ಟಗೆ ಹೋಗಿತ್ತು.

“ಅವಸರವಾ?” ಪ್ರಫುಲ್ಲಾ ಮುಖ ತಿರುಗಿಸಿದಳು. “ಮಗಳು ಹುಟ್ಟುವ ದಿನ ನಾನು ಗಾಡಿಯ ಒಳಗೆ ಬೊಬ್ಬೆ ಹಾಕ್ತಾ ಇದ್ದೆ ಹರ್ಷಿತಣ್ಣ. ಅವತ್ತೂ ಇಲ್ಲಿ ನಿಲ್ಲಿಸಿ ಕೈಮುಗಿದೇ ಆಸ್ಪತ್ರೆಗೆ ಹೋದವರು ಅವರು. ಇನ್ನು ಯಾವ ಅವಸರ?”

ಎಸ್ತರ್‌ಗೆ ನಗು ಬಂತು, ಆದರೆ ನಗುವ ಹೊತ್ತಲ್ಲ. “ಹೊರಡುವ ಮೊದಲು ನಿಮ್ಮ ಹತ್ತಿರ ಎಂತಾದರೂ ಹೇಳಿದ್ರಾ?”

“ಹಿಂದಿನ ದಿನ ಊಟ ಮಾಡುವಾಗ ಹೇಳಿದ್ರು. ಆಫೀಸಿನ ಸ್ಕ್ರೀನು ನಾನು ಇಲ್ಲದ ಕಡೆ ನನ್ನನ್ನು ತೋರಿಸ್ತದೆ ಮಾರಾಯ್ತಿ, ಧಣಿಗಳಿಗೆ ಒಮ್ಮೆ ಹೇಳ್ಬೇಕು ಅಂತ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ.”

ಹರ್ಷಿತ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಅವನ ಕೈ ಒಂದು ಕ್ಷಣ ನಿಂತಿತು. ಮತ್ತೆ ತಿರುಗಿಸಿ, ಬಾಟಲಿಯನ್ನು ಪ್ರಫುಲ್ಲಾಳಿಗೆ ಕೊಟ್ಟ. ಎಸ್ತರ್ ಅದನ್ನು ನೋಡಿದಳು. ನೋಡಿಯೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅವಳ ಅನುಮಾನವೆಲ್ಲ ಕಾರ್ಲ್ಟನ್‌ನ ಮೇಲಿತ್ತು.

“ನಾನು ಮಣಿಪಾಲಕ್ಕೆ ಹೋಗ್ತೇನೆ,” ಎಂದಳು. “ಈ ಸ್ಕ್ರೀನು ಮಾಡಿದವರು ಅಲ್ಲಿದ್ದಾರಲ್ಲ, ಅವರನ್ನೇ ಕೇಳ್ತೇನೆ.”

“ಹೋಗಿ ಬನ್ನಿ ಮೇಡಂ. ಪ್ರಫುಲ್ಲಕ್ಕನನ್ನು ಕಾರ್ಕಳ ಸ್ಟೇಷನ್ನಿಗೆ ಬರ್ಲಿಕ್ಕೆ ಹೇಳಿದ್ದಾರೆ, ಎಂತದೋ ಒಂದು ಸಹಿ ಬೇಕಂತೆ. ನಾನು ಕರ್ಕೊಂಡು ಹೋಗಿ, ವಾಪಸ್ ಮನೆಗೆ ಬಿಡ್ತೇನೆ.”

ಪ್ರಫುಲ್ಲಾ ಫ್ಲಾಸ್ಕಿನ ಜೊತೆ ಒಂದು ಎಲೆಯ ಪೊಟ್ಟಣವನ್ನೂ ಹಿಡಿದಿದ್ದಳು. ಅವತ್ತೇ ಕಟ್ಟಿ ಚೆಂಡಿನ ಹಾಗೆ ಸುತ್ತಿದ ಮಲ್ಲಿಗೆ.

“ಹೂ ಈಗಲೇ ಹಾಕುವುದಿಲ್ವಾ?” ಎಂದು ಎಸ್ತರ್ ಕೇಳಿದಳು.

“ಇಲ್ಲ. ಅವರು ಹಾಕುವುದು ಮನೆಗೆ ಬರುವ ದಾರಿಯಲ್ಲಿ. ನಾನೂ ಬರುವಾಗಲೇ ಹಾಕ್ತೇನೆ. ಹರ್ಷಿತಣ್ಣ, ಇಲ್ಲಿ ನಿಲ್ಲಿಸ್ಲಿಕ್ಕೆ ಮರೀಬೇಡಿ.”

“ನಿಲ್ಲಿಸದೆ ಇರ್ತೇನಾ ಪ್ರಫುಲ್ಲಕ್ಕ,” ಎಂದ ಅವನು, ಪಿಕಪ್ಪಿನ ಬಾಗಿಲು ತೆರೆದು ಹಿಡಿದು.

ಬಿಳಿ ಪಿಕಪ್ಪು ಕಾರ್ಕಳದ ಕಡೆ ಹೊರಟಿತು. ಎಸ್ತರ್ ತನ್ನ ಹಳೆಯ ಕಾರಿಗೆ ಎರಡು ಬೈದು, ಸ್ಟಾರ್ಟ್ ಮಾಡಿ, ಮಣಿಪಾಲದ ದಾರಿ ಹಿಡಿದಳು.

*

ಮಣಿಪಾಲದ ಈಶ್ವರನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆ ಆಫೀಸು. ಕೆಳಗಿನ ಬನ್ನಿನ ಪರಿಮಳ ಮೇಲಿನವರೆಗೂ ಏರಿ ಬರುತ್ತಿತ್ತು. ಗೋಡೆಯ ತುಂಬ ಒಂದು ದೊಡ್ಡ ಪರದೆ. ಅದರಲ್ಲಿ ಉಡುಪಿ, ಕಾಪು, ಕಾರ್ಕಳದ ರಸ್ತೆಗಳು. ರಸ್ತೆಗಳ ಮೇಲೆ ಹರಿದಾಡುವ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಗಾಡಿ.

ಇದನ್ನು ರೂಪಿಸಿದವಳು ಯಶ್ಮಿತಾ. ಅಂಬಲಪಾಡಿಯ ಹುಡುಗಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

“ಪೊಲೀಸರಿಗೆ ಎಲ್ಲ ಕೊಟ್ಟಾಗಿದೆ ಮೇಡಂ,” ಎಂದಳು ಕೂತಲ್ಲಿಂದಲೇ. “ಲಾರಿಯ ಒಳಗೆ ಒಂದು ಉಪಕರಣ ಉಂಟು. ಅದು ತಾನು ಎಲ್ಲಿದ್ದೇನೆ ಅಂತ ಆಗಾಗ ಕಳಿಸ್ತದೆ. ನಾವು ತೋರಿಸ್ತೇವೆ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ಎಸ್ತರ್ ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು. ಕೂತ ಮೇಲೆ ಸುಲಭದಲ್ಲಿ ಏಳುವ ಹೆಂಗಸಲ್ಲ ಅವಳು. ಯಶ್ಮಿತಾಳ ಲ್ಯಾಪ್‌ಟಾಪಿನಲ್ಲಿ ಬೆಳ್ಮಣ್‌ನ ರಸ್ತೆಯನ್ನು ದೊಡ್ಡದು ಮಾಡಿಸಿದಳು. ಕಾಣಿಕೆ ಕಟ್ಟೆಯ ಜಾಗದಲ್ಲಿ ಒಂದು ಸಣ್ಣ ಬೂದು ವೃತ್ತ ಕಂಡಿತು.

“ಇದು ಎಂತ?”

ಯಶ್ಮಿತಾಳ ಮುಖದಲ್ಲಿ ಮೊದಲ ಬಾರಿಗೆ ಸಣ್ಣ ನಗು ಮೂಡಿತು. “ಅದಾ? ಗಾಡಿ ದಾರಿಮಧ್ಯೆ ಸುಮ್ಮನೆ ನಿಂತರೆ ಕಾಪು ಆಫೀಸಿನಲ್ಲಿ ಗಂಟೆ ಹೊಡೀತದೆ. ಮೊದಮೊದಲು ದಿನವಿಡೀ ಹೊಡೀತಾ ಇತ್ತು, ಎಲ್ಲ ಈ ಜಾಗದಿಂದಲೇ. ಹೊರಗಿನವರು ಮಾಡಿದ ಸಾಫ್ಟ್‌ವೇರ್ ಆಗಿದ್ರೆ ಡ್ರೈವರುಗಳಿಗೆ ನೋಟಿಸು ಹೋಗ್ತಿತ್ತು. ನನಗೆ ಗೊತ್ತಲ್ಲ, ಕಾಣಿಕೆ ಹಾಕ್ಲಿಕ್ಕೆ ನಿಲ್ಲುವುದು ಅಂತ. ಅದಕ್ಕೆ ಈ ವೃತ್ತದ ಒಳಗೆ ನಿಂತರೆ ಗಂಟೆ ಹೊಡೀಬಾರ್ದು ಅಂತ ಮಾಡಿದೆ.”

“ಒಳ್ಳೆಯ ಕೆಲಸ. ಹಾಗಾದರೆ ಎಲ್ಲರೂ ನಿಲ್ತಾರೆ?”

“ಎಲ್ಲರೂ.”

“ಧರ್ಮಪಾಲನ ಹೋದ ವಾರದ ಪ್ರಯಾಣ ತೋರಿಸಿ.”

ಯಶ್ಮಿತಾ ತೋರಿಸಿದಳು. ಚುಕ್ಕೆ ಕಾರ್ಕಳದಿಂದ ಇಳಿದು ಬಂತು. ವೃತ್ತದೊಳಗೆ ನಿಂತಿತು. ಸ್ವಲ್ಪ ಹೊತ್ತಿನ ನಂತರ ಹೊರಟಿತು. ಅದರ ಹಿಂದಿನ ಪ್ರಯಾಣದಲ್ಲೂ ಹಾಗೆಯೇ ನಿಂತಿತು.

“ಈಗ ಮಂಗಳವಾರದ್ದು.”

ಚುಕ್ಕೆ ಬಂತು. ವೃತ್ತದೊಳಗೆ ಹೊಕ್ಕಿತು. ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ. ಎಣ್ಣೆ ಹಚ್ಚಿದ ಹಾಗೆ ಜಾರಿ ಆಚೆಗೆ ಹೋಯಿತು.

ಯಶ್ಮಿತಾ ಮತ್ತೊಮ್ಮೆ ಓಡಿಸಿ ನೋಡಿದಳು.

“ಯಶ್ಮಿತಾ, ಅವನು ಈ ಕಟ್ಟೆಗೆ ಮುಟ್ಟಲೇ ಇಲ್ಲ. ಅವನ ಹೂವೂ ಅಲ್ಲಿಲ್ಲ, ನಾನು ನೋಡಿ ಬಂದೆ. ಮತ್ತೆ ಈ ಚುಕ್ಕೆ ಯಾರದ್ದು?”

“ಮೇಡಂ…”

“ಯಾರದ್ದು?”

“ನಮ್ಮದು,” ಎಂದಳು ಹುಡುಗಿ. ನೀರು ಕುಡಿದು ಮತ್ತೆ ಹೇಳಿದಳು. “ಅದು ಊಹೆ ಮೇಡಂ. ನೆಟ್‌ವರ್ಕ್ ಇಲ್ಲದ ಕಡೆ ಉಪಕರಣಕ್ಕೆ ಕಳಿಸ್ಲಿಕ್ಕೆ ಆಗುವುದಿಲ್ಲ. ಮೊದಲು ಅಂಥ ಕಡೆ ಚುಕ್ಕೆ ಮಾಯ ಆಗ್ತಿತ್ತು. ಮಾಯ ಆದ ಕೂಡಲೇ ಮಾಲು ಕಳಿಸಿದವರು ಅದನ್ನು ನೋಡಿ ಆಫೀಸಿಗೆ ಫೋನ್ ಮಾಡುವುದು, ಆಫೀಸಿನವರು ಡ್ರೈವರಿಗೆ ಫೋನ್ ಮಾಡುವುದು, ಅವನು ತಿರುವಿನಲ್ಲಿ ಒಂದು ಕೈಯಲ್ಲಿ ಫೋನ್ ಎತ್ತುವುದು. ಯಾರಾದರೂ ಸಾಯ್ತಾರೆ ಅಂತ ಹೆದರಿಕೆ ಆಯ್ತು. ಅದಕ್ಕೆ, ಸುದ್ದಿ ಬಾರದಿದ್ರೆ, ಗಾಡಿ ಆಫೀಸಿನವರು ಮೊದಲೇ ನಿಗದಿ ಮಾಡಿದ ದಾರಿಯಲ್ಲೇ ಹೋಗ್ತಾ ಇರಬಹುದು ಅಂತ ಲೆಕ್ಕ ಹಾಕಿ, ಚುಕ್ಕೆಯನ್ನು ನಾವೇ ನಡೆಸ್ತೇವೆ.”

“ಎಷ್ಟು ಹೊತ್ತು?”

“ಅರ್ಧ ಗಂಟೆ. ಅಷ್ಟರಲ್ಲಿ ಸುದ್ದಿ ಬಾರದಿದ್ರೆ ಚುಕ್ಕೆ ಇದ್ದಲ್ಲೇ ನಿಲ್ತದೆ.”

“ಬೆಳ್ಮಣ್ ಆಚೆಯ ತಿರುವಿನಲ್ಲಿ.”

ಯಶ್ಮಿತಾ ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ಎಸ್ತರ್‌ಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೊತ್ತು ಇದ್ದ ‘ನೀವು’ ಎಲ್ಲಿ ಹೋಯಿತೋ. “ಅಲ್ಲಿ ಇಡೀ ಊರು ಇಲ್ಲದ ಲಾರಿಯನ್ನು ಹುಡುಕ್ತಾ ಉಂಟು. ಆ ಮನುಷ್ಯ ಎಲ್ಲೋ ಔಷಧಿ ಇಲ್ಲದೆ ಬಿದ್ದಿದ್ದಾನೆ. ನೀನು ಇದನ್ನು ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ನನಗೇ ಗೊತ್ತಾಗ್ಲಿಲ್ಲ ಮೇಡಂ! ನಿಜದ ಚುಕ್ಕೆಯೂ ಹಸಿರು, ಊಹೆಯ ಚುಕ್ಕೆಯೂ ಹಸಿರು. ಕಣ್ಣಿನಿಂದ ನೋಡಿದ್ರೆ ಮಾಡಿದ ನನಗೂ ಗುರುತು ಸಿಗುವುದಿಲ್ಲ. ನಾನೂ ಎಲ್ಲರ ಹಾಗೆ ಸ್ಕ್ರೀನನ್ನೇ ನಂಬಿದೆ.”

ಅದರಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳುವವರನ್ನು ಎಸ್ತರ್ ಜೀವಮಾನವಿಡೀ ನೋಡಿದವಳು. ಈ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ ಎಂದು ತನ್ನನ್ನು ತಾನೇ ಹತೋಟಿಗೆ ತಂದುಕೊಂಡಳು.

“ಆಯ್ತು, ಅಳು ಆಮೇಲೆ. ಊಹೆಯನ್ನೆಲ್ಲ ತೆಗೆದು, ಉಪಕರಣ ನಿಜವಾಗಿ ಕಳಿಸಿದ್ದನ್ನು ಮಾತ್ರ ತೋರಿಸ್ಲಿಕ್ಕೆ ಆಗ್ತದಾ?”

“ನನ್ನ ಲ್ಯಾಪ್‌ಟಾಪಿನಲ್ಲಿ ಆಗ್ತದೆ.”

ಬೆರಳುಗಳು ಓಡಿದವು. ಮಂಗಳವಾರದ ಉದ್ದನೆಯ ಹಸಿರು ಗೆರೆ ಅಳಿಸಿಹೋಯಿತು. ಉಳಿದದ್ದು ಕಾರ್ಕಳದೊಳಗಿನ ಒಂದು ತುಂಡು ಮಾತ್ರ. ಕೊನೆಯ ನಿಜವಾದ ಚುಕ್ಕೆ ಇದ್ದದ್ದು ಬೈಪಾಸಿನ ಒಂದು ಟಯರ್ ಅಂಗಡಿಯ ಮುಂದೆ.

“ಕಾರ್ಕಳ ಪೇಟೆಯಲ್ಲಿ ನೆಟ್‌ವರ್ಕ್ ಇಲ್ಲವಾ?”

“ಧಾರಾಳ ಉಂಟು. ಅಲ್ಲಿ ತನ್ನಿಂದ ತಾನೇ ಸುಮ್ಮನಾಗ್ಲಿಕ್ಕೆ ಸಾಧ್ಯವೇ ಇಲ್ಲ. ಯಾರೋ ಉಪಕರಣದ ತಂತಿ ಕಿತ್ತಿದ್ದಾರೆ.”

ಎಸ್ತರ್ ನಕ್ಷೆಯ ಮೇಲೆ ಬೆರಳಿಟ್ಟಳು. ಆ ಅಂಗಡಿಯಿಂದ ಒಂದು ದಾರಿ ಬೆಳ್ಮಣ್ ಕಡೆಗೆ, ಇನ್ನೊಂದು ಬಜಗೋಳಿಯ ಕಡೆಗೆ. ಬಜಗೋಳಿಯಿಂದ ಮುಂದೆ ಕಾಡು, ಅದರ ಮುಂದೆ ಘಾಟಿ. ತಂತಿ ಕಿತ್ತು ಲಾರಿಯನ್ನು ಕಾಡಿಗೆ ತಿರುಗಿಸಿದರೆ, ಪರದೆ ತಾನಾಗಿಯೇ ಅದನ್ನು ಬೆಳ್ಮಣ್‌ಗೆ ಓಡಿಸುತ್ತದೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಲ್ಲಿ ಸಿಗಬೇಕು?

“ಯಶ್ಮಿತಾ, ಎರಡಕ್ಕೂ ಒಂದೇ ಹಸಿರು ಅಂತ ಮಾಡಿದ್ದು ಯಾಕೆ?”

“ನಾನು ಹಾಗೆ ಮಾಡಿರ್ಲಿಲ್ಲ. ಊಹೆಯದ್ದು ಬಳೆಯ ಹಾಗೆ, ಒಳಗೆ ಖಾಲಿ ಇತ್ತು. ನೋಡಿದ ಕೂಡಲೇ ಗೊತ್ತಾಗ್ತಿತ್ತು. ಆಮೇಲೆ ಕಾಪುವಿನಿಂದ ಹಠ ಹಿಡಿದ್ರು. ಖಾಲಿ ಬಳೆ ನೋಡಿದ್ರೆ ಮಾಲಿನವರು ಗಾಬರಿ ಆಗ್ತಾರೆ, ಎರಡನ್ನೂ ಒಂದೇ ಮಾಡಿ ಅಂತ.”

“ಕಾರ್ಲ್ಟನ್.” ಹೆಸರು ಎಸ್ತರಳ ಬಾಯಲ್ಲಿ ಮೊದಲೇ ಸಿದ್ಧವಾಗಿತ್ತು.

“ಅಲ್ಲ. ಕಾರ್ಲ್ಟನ್ ಸರ್ ಬೇಡವೇ ಬೇಡ ಅಂದಿದ್ರು. ಇಲ್ಲಿಗೆ ಬಂದು, ಇದೇ ಕುರ್ಚಿಯಲ್ಲಿ ಕೂತು, ಮಾಡಿಸಿಕೊಂಡೇ ಹೋದದ್ದು ಹರ್ಷಿತ್.”

ಕೆಳಗೆ ಬೇಕರಿಯಲ್ಲಿ ಯಾರೋ ಜೋರಾಗಿ ನಕ್ಕರು. ಎಸ್ತರಳ ಕಣ್ಣ ಮುಂದೆ ಒಂದು ಬಾಟಲಿಯ ಮುಚ್ಚಳ ಬಂತು, ಅದರ ಮೇಲೆ ನಿಂತ ಬೆರಳು ಬಂತು. ನಾನು ಇಲ್ಲದ ಕಡೆ ನನ್ನನ್ನು ತೋರಿಸ್ತದೆ, ಎಂದು ಧರ್ಮಪಾಲ ಹೆಂಡತಿಗೆ ಹೇಳಿದ್ದ. ಹೆಂಡತಿ ಅದನ್ನು ಹರ್ಷಿತ್‌ನ ಎದುರೇ ಹೇಳಿದಳು. ಹೇಳಿಸಿದವಳು ತಾನು.

ಆಮೇಲೆ ಅವಳನ್ನು ಅವನ ಗಾಡಿ ಹತ್ತಿಸಿದವಳೂ ತಾನೇ.

“ಕಾಪುವಿನ ಬಿಳಿ ಪಿಕಪ್ಪು,” ಎಂದಳು. ಎದ್ದು ನಿಂತಾಗ ಕುರ್ಚಿ ಹಿಂದಕ್ಕೆ ಉರುಳಿತು. “ಅದೂ ಇದರಲ್ಲಿ ಉಂಟಾ? ಈಗ ಎಲ್ಲಿದೆ?”

ಯಶ್ಮಿತಾ ಗೋಡೆಯ ಪರದೆಯ ಕಡೆ ಕೈ ತೋರಿಸಿದಳು. “ಅಲ್ಲಿ ನೋಡಿ ಮೇಡಂ, ವಾಪಸ್ ಬರ್ತಾ ಉಂಟು. ಕಾರ್ಕಳ ಬಿಟ್ಟಾಗಿದೆ. ಬೆಳ್ಮಣ್ ಹತ್ತಿರ ಬಂತು.”

ಹಸಿರು ಚುಕ್ಕೆ ಮನೆಯ ದಾರಿಯಲ್ಲೇ ಇಳಿದು ಬರುತ್ತಿತ್ತು. ಎಸ್ತರ್ ಶಿಲುಬೆಯ ಗುರುತು ಮಾಡಿಕೊಂಡಳು. ಸದ್ಯ, ಹುಡುಗ ಅವಳನ್ನು ಏನೂ ಮಾಡಿಲ್ಲ. ಮನೆ ಮುಟ್ಟಲಿ, ಆಮೇಲೆ ಅವನನ್ನು ವಿಚಾರಿಸಿಕೊಂಡರಾಯಿತು.

ಚುಕ್ಕೆ ಬೂದು ವೃತ್ತದ ಹತ್ತಿರ ಬಂತು. ಇಲ್ಲಿ ನಿಲ್ಲುತ್ತದೆ. ಪ್ರಫುಲ್ಲಾ ಇಳಿದು ಹೂ ಹಾಕುತ್ತಾಳೆ. ಎಸ್ತರ್ ಪರದೆಯ ಹತ್ತಿರಕ್ಕೆ ಹೋದಳು.

ಚುಕ್ಕೆ ವೃತ್ತದೊಳಗೆ ಹೊಕ್ಕಿತು.

ನಿಲ್ಲಲಿಲ್ಲ.

“ತೆಗಿ,” ಎಂದು ಎಸ್ತರ್ ಕಿರುಚಿದಳು. “ಊಹೆಯನ್ನು ತೆಗಿ!”

ಯಶ್ಮಿತಾ ತನ್ನ ಲ್ಯಾಪ್‌ಟಾಪಿನ ಕೀಲಿ ಒತ್ತಿದಳು. ಪಿಕಪ್ಪಿನ ಚುಕ್ಕೆ ಅದರಲ್ಲಿ ಇಲ್ಲವಾಯಿತು. ಕೊನೆಯ ನಿಜವಾದ ಗುರುತು ಕಾರ್ಕಳ ಬೈಪಾಸಿನಲ್ಲಿತ್ತು, ಅದೇ ಟಯರ್ ಅಂಗಡಿಯ ಮುಂದೆ.

ಎಸ್ತರ್ ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಪ್ರಫುಲ್ಲಾ.

“ಬಾಯಮ್ಮ!” ದನಿ ತುಂಡು ತುಂಡಾಗಿ ಬರುತ್ತಿತ್ತು, ಆದರೆ ಅದರ ತುಂಬ ಸಂತೋಷ. “ಅವರು ಸಿಕ್ಕಿದ್ದಾರಂತೆ! ಸ್ಟೇಷನ್ನಿಗೆ ಹೋಗ್ಲೇ ಇಲ್ಲ, ಸೀದಾ ಇಲ್ಲಿಗೇ ಕರ್ಕೊಂಡು ಬಂದ್ರು. ನಿಮಗೆ ಈಗಲೇ ಹೇಳ್ಬೇಡಿ ಅಂದಿದ್ರು ಹರ್ಷಿತಣ್ಣ. ನನಗೆ ತಡೀಲಿಕ್ಕೆ ಆಗ್ಲಿಲ್ಲ.”

“ಪ್ರಫುಲ್ಲಾ, ನೀವು ಎಲ್ಲಿದ್ದೀರಿ?”

“ಗೊತ್ತಿಲ್ಲ, ಎರಡೂ ಬದಿ ಕಾಡು. ಹರ್ಷಿತಣ್ಣ ಮುಂದೆ ನಡ್ಕೊಂಡು ಹೋದ್ರು. ಅಲ್ಲಿ ಮರದ ಹಿಂದೆ ಎಂತದೋ… ಅಯ್ಯೋ ಬಾಯಮ್ಮ, ನಮ್ಮ ಲಾರಿ! ನಮ್ಮದೇ ಲಾರಿ! ಇನ್ಸುಲಿನ್ ನನ್ನ ಕೈಯಲ್ಲೇ ಉಂಟು, ನಾನು ಇಳೀತೇನೆ.”

“ಇಳೀಬೇಡಿ! ಪ್ರಫುಲ್ಲಾ, ಗಾಡಿಯಿಂದ ಇಳೀಬೇಡಿ, ಒಳಗಿನಿಂದ ಬಾಗಿಲು ಹಾಕಿ—”

ಬಾಗಿಲು ತೆರೆದ ಸದ್ದು ಕೇಳಿಸಿತು. ಚಪ್ಪಲಿಯ ಕೆಳಗೆ ತರಗೆಲೆ ಮುರಿದ ಸದ್ದು. ಆಮೇಲೆ ಲೈನು ಕಡಿದುಹೋಯಿತು.

ಎಸ್ತರ್ ತಲೆಯೆತ್ತಿದಳು. ಗೋಡೆಯ ದೊಡ್ಡ ಪರದೆಯಲ್ಲಿ ಬಿಳಿ ಪಿಕಪ್ಪಿನ ಹಸಿರು ಚುಕ್ಕೆ ಬೆಳ್ಮಣ್ ಪೇಟೆ ದಾಟಿ, ಪ್ರಫುಲ್ಲಾಳನ್ನು ಮನೆಗೆ ಮುಟ್ಟಿಸಲು ಹೊರಟಿತ್ತು.